ಎಂಟು ಭಾನುವಾರ, ಐದು ಕುರ್ಚಿ

ಸ್ವೀಡನ್ನಿನಲ್ಲಿದ್ದ ಮಗನ ಮನೆಗೆ ಬಂದಿಳಿದ ನಾಲ್ಕನೆಯ ದಿನಕ್ಕೇ ಬಶೀರ್ ಸಾಹೇಬರಿಗೆ ಅಲ್ಲಿ ಏನೋ ಕೆಟ್ಟಿದೆ ಎಂಬುದು ತಿಳಿದುಹೋಯಿತು. ಮಗ ಸೊಸೆ ಜಗಳವಾಡುತ್ತಿರಲಿಲ್ಲ. ಅದೇ ಕೆಟ್ಟ ಲಕ್ಷಣ. ಜಗಳವಾಡುವವರಿಗೆ ಒಬ್ಬರಿಂದೊಬ್ಬರಿಗೆ ಇನ್ನೂ ಏನೋ ಬೇಕಾಗಿರುತ್ತದೆ. ಇಮ್ತಿಯಾಜ್ ಆರು ಗಂಟೆಗೆ ಉಂಡು ಎದ್ದರೆ ಶೀಬಾ ಎಂಟು ಗಂಟೆಗೆ ಒಬ್ಬಳೇ ಕೂತು ಉಣ್ಣುತ್ತಿದ್ದಳು. ಬಟ್ಟೆ ಒಗೆಯುವ ಕೋಣೆ ಇಡೀ ಕಟ್ಟಡಕ್ಕೆ ಒಂದೇ. ಮೊದಲೇ ಸರದಿ ಹಿಡಿದಿಡಬೇಕು. ಈ ಒಂದು ಮನೆಯಿಂದ ಎರಡು ಸರದಿ ಹಿಡಿದಿದ್ದರು.

"ಒಂದೇ ಮನೆ ಬಟ್ಟೇನ ಎರಡು ನೀರಲ್ಲಿ ಯಾಕವ್ವಾ ಒಗೀಬೇಕು?" ಎಂದು ನಜ್ಮುನ್ನೀಸಾ ಸೊಸೆಯನ್ನು ಕೇಳಿದರು.

"ಅವರ ಟೈಮಿಂಗ್ಸ್ ಬೇರೆ ಅತ್ತೆ, ನಂದು ಬೇರೆ."

"ಟೈಮಿಂಗ್ಸ್ ಅಂತೆ," ಎಂದು ನಜ್ಮುನ್ನೀಸಾ ಗಂಡನ ಕಿವಿಯ ಹತ್ತಿರ ಬಂದು ಹೇಳಿದರು. "ಹುಬ್ಬಳ್ಳಿ ಪ್ಯಾಸೆಂಜರ್ ಇದಾರೇನು ಇಬ್ರೂ?"

ಬಶೀರ್ ನಗಲಿಲ್ಲ. ಹಿರಿಯೂರಿನಲ್ಲಿ ನಲವತ್ತು ವರ್ಷ ಫೋಟೋ ಸ್ಟುಡಿಯೋ ನಡೆಸಿದ ಮನುಷ್ಯ ಅವರು. ಅಪ್ಪ ಮನೆಮನೆಗೆ ಹೋಗಿ ಹಾಸಿಗೆಯ ಹತ್ತಿ ಹಿಂಜುತ್ತಿದ್ದ ಪಿಂಜಾರ. ಬಶೀರ್ ಆ ಹಿಂಜುವ ಬಿಲ್ಲು ಬಿಟ್ಟು ಕ್ಯಾಮೆರಾ ಹಿಡಿದರು. ಫೋಟೋ ಹರಾಮು ಎಂದು ಬೈಯುತ್ತಿದ್ದ ಮಸೀದಿಯ ಹಿರಿಯರೇ ಹಜ್ ಯಾತ್ರೆಯ ಪಾಸ್‌ಪೋರ್ಟಿಗಾಗಿ ಇವರ ಸ್ಟೂಲಿನ ಮೇಲೆ ಗಡ್ಡ ಬಾಚಿಕೊಂಡು ಕೂರುತ್ತಿದ್ದರು. ಗಂಡ ಹೆಂಡತಿ ಪಕ್ಕಪಕ್ಕ ಕೂತಾಗ ಭುಜ ಯಾವ ಕಡೆ ವಾಲುತ್ತದೆ ಎಂದು ನೋಡಿಯೇ ಬಶೀರರು ಸಂಸಾರದ ಗುಟ್ಟು ಹೇಳಬಲ್ಲವರಾಗಿದ್ದರು. ಆಮೇಲೆ ಎಲ್ಲರ ಕೈಗೂ ಫೋನು ಬಂತು. ಸ್ಟುಡಿಯೋ ಇದ್ದಲ್ಲಿ ಈಗ ಮೊಬೈಲ್ ರಿಪೇರಿ ಅಂಗಡಿ ಇದೆ.

ಗುಟ್ಟು ಹೊರಬಿದ್ದದ್ದು ಒಂದು ಶುಕ್ರವಾರ, ಊಟದ ಹೊತ್ತಿಗೆ. ಅಂದು ನಜ್ಮುನ್ನೀಸಾ ಹಟ ಹಿಡಿದು ಎಲ್ಲರನ್ನೂ ಒಟ್ಟಿಗೆ ಕೂರಿಸಿ ಮುದ್ದೆ, ಕೋಳಿ ಸಾರು ಬಡಿಸಿದ್ದರು.

"ಮುಂದಿನ ತಿಂಗಳು ನಾನು ಚೆಂಗ್ಡುಗೆ ಹೋಗ್ಬೇಕು," ಎಂದ ಇಮ್ತಿಯಾಜ್, ಮುದ್ದೆಯನ್ನು ನೋಡುತ್ತ. "ಆರು ತಿಂಗಳು. ಕಾರಿನ ಹೊಸ ಎಂಜಿನ್ ಲೈನ್ ಶುರುವಾಗ್ತಿದೆ."

"ಅದೆಲ್ಲಿ ಬರುತ್ತೆ?"

"ಚೀನಾ, ಅಪ್ಪಾ."

"ನಾವು ಮೂರು ತಿಂಗಳ ವೀಸಾ ಹಾಕಿಸ್ಕೊಂಡು ನಿನ್ನ ನೋಡಕ್ಕೆ ಬಂದ್ರೆ, ನೀನು ಚೀನಾಕ್ಕೆ ಹೊರಟ್ಯಾ?"

"ಏನ್ಮಾಡ್ಲಿ ಅಪ್ಪಾ? ಕಂಪನಿ ಮಾಲೀಕರೇ ಈಗ ಚೀನಾದವರು. ಕೆಲಸ ಆ ಕಡೆ ಬೆಳೀತಿದೆ. ಇಲ್ಲೇ ಕೂತ್ರೆ ನಾನು ಇಲ್ಲೇ ಕೂತಿರ್ತೀನಿ."

"ಅತ್ತೆ ಮಾವಂಗೆ ಇವತ್ತಾದ್ರೂ ಹೇಳಿದ್ರಲ್ಲ," ಎಂದಳು ಶೀಬಾ. "ನನಗೆ ಗೊತ್ತಾಗಿದ್ದು ನಿಮ್ಮ ಫೋನಿಗೆ ಬಂದ ಟಿಕೆಟ್ ನೋಡಿ."

"ಆರೇ ತಿಂಗಳು, ಶೀಬಾ."

"ಶೋವ್ಡೆ ಊರಿನ ಪ್ಲಾಂಟಿಗೆ ಹೋಗುವಾಗ್ಲೂ ಆರು ತಿಂಗಳು ಅಂದೆ. ಎರಡು ವರ್ಷ ವಾರಕ್ಕೊಂದ್ಸಲ ನೆಂಟನ ಹಾಗೆ ಬಂದು ಹೋದೆ. ಸಹರ್‌ಗೆ ಜ್ವರ ಬಂದಾಗ ನಾನು. ಪೇರೆಂಟ್ ಮೀಟಿಂಗಿಗೆ ನಾನು. ನಾನು ಮೋಲ್ನ್‌ಡಾಲ್‌ನಲ್ಲಿ ಲ್ಯಾಬ್ ಕೆಲಸ ಮುಗಿಸಿ ಓಡಿ ಬರ್ತಿದ್ದೆ, ನಿನಗೆ ಗೊತ್ತಾ?"

ಅತ್ತೆ ಮಾವನ ಎದುರಿಗೆ ಗಂಡನನ್ನು ಬಹುವಚನದಲ್ಲಿ ಕರೆಯುವ ಹುಡುಗಿ, ಏಕವಚನಕ್ಕೆ ಇಳಿದದ್ದು ಅವಳ ಗಮನಕ್ಕೇ ಬರಲಿಲ್ಲ. ಹದಿನೇಳು ವರ್ಷದ ಮೊಮ್ಮಗಳು ಸಹರ್ ಮಾತ್ರ ಏನೂ ಕೇಳಿಸದವಳಂತೆ ಕೋಳಿಯ ಮೂಳೆಯನ್ನು ತಟ್ಟೆಯ ಅಂಚಿಗೆ ಜೋಡಿಸುತ್ತಿದ್ದಳು. ಈ ಮಗುವಿಗೆ ಇದೆಲ್ಲ ಹಳೆಯದು ಎಂದು ಬಶೀರರಿಗೆ ಅರ್ಥವಾಯಿತು.

ಊಟವಾದ ಮೇಲೆ ಗಂಡ ಹೆಂಡತಿ ಇಬ್ಬರೂ ಒಪ್ಪಿದ್ದು ಒಂದೇ ಮಾತಿಗೆ: ಚೀನಾದ ವಿಷಯ ಊರಿಗೆ ತಿಳಿಯಬಾರದು. ಶೋವ್ಡೆಯ ಕಾಲದಲ್ಲೇ ತುಮಕೂರಿನಲ್ಲಿರುವ ಶೀಬಾಳ ಅಣ್ಣ ಮಾಜಿದ್ ಫೋನಿನಲ್ಲಿ ಕೂಗಾಡಿದ್ದ.

ಮರುದಿನ ಸಹರ್ ಅಜ್ಜನನ್ನು ಟ್ರ್ಯಾಮ್ ಹತ್ತಿಸಿಕೊಂಡು ಒಂದು ಚಿತ್ರ ಪ್ರದರ್ಶನಕ್ಕೆ ಕರೆದುಕೊಂಡು ಹೋದಳು. ಅವಳು ಓದುತ್ತಿದ್ದುದು ಫೋಟೋಗ್ರಫಿ. ಶಾಲೆಯಲ್ಲಿ ಫಿಲ್ಮು ತೊಳೆಯುವ ಕತ್ತಲೆ ಕೋಣೆ ಕೂಡ ಇತ್ತು. ಅದನ್ನು ಕೇಳಿದಾಗ ಬಶೀರರಿಗೆ ಸತ್ತ ಗೆಳೆಯ ಬದುಕಿದ್ದಾನೆಂದು ಕೇಳಿದಷ್ಟು ಸಂತೋಷವಾಗಿತ್ತು. ಪ್ರದರ್ಶನ ಇಂದಿನ ಚೀನಾದ ಫೋಟೋಗ್ರಾಫರುಗಳದು. ಟೀಚರು ಕಡ್ಡಾಯವಾಗಿ ನೋಡಿ ಬರಲು ಹೇಳಿದ್ದರಂತೆ.

ಮೊದಲ ಕೋಣೆ ಬಶೀರರಿಗೆ ಬಹಳ ಹಿಡಿಸಿತು. ಅಲ್ಲಿ ಹಳ್ಳಿಯ ಸ್ಟುಡಿಯೋಗಳ ಹಿಂಪರದೆಗಳ ಮುಂದೆ ನಿಂತ ಜನರಿದ್ದರು. ಬಣ್ಣದಲ್ಲಿ ಬರೆದ ವಿಮಾನ, ಬರೆದ ಸೇತುವೆ, ಎಂದೂ ನೋಡದ ಸಮುದ್ರ. "ನೋಡು, ನೋಡು! ನನ್ನ ಹತ್ರ ಜೋಗ ಇತ್ತು, ತಾಜ್ ಮಹಲ್ ಇತ್ತು. ಇವನೂ ನನ್ನ ಜಾತಿಯೋನೇ," ಎಂದು ಗಟ್ಟಿಯಾಗಿ ಹೇಳಿದರು. ಎರಡನೆಯ ಕೋಣೆಯಲ್ಲಿ ಅವರ ಉತ್ಸಾಹ ಇಳಿಯಿತು. ಒಡೆದ ಬೀದಿಯ ನಡುವೆ ಒಂದೇ ಒಂದು ಮನೆ, ಅದರ ಬಾಗಿಲಲ್ಲಿ ಹಕ್ಕಿ ಪಂಜರ ಹಿಡಿದ ಮುದುಕ, ಹಿಂದೆ ಮೂವತ್ತು ಅಂತಸ್ತಿನ ಕಟ್ಟಡ. ಕಾರ್ಖಾನೆಯ ಮೂರು ಮೂರು ಅಂತಸ್ತಿನ ಮಂಚಗಳಲ್ಲಿ ಮಲಗಿದ ಹುಡುಗಿಯರು. ಒಬ್ಬಳ ಮಂಚಕ್ಕೆ ಮದುವೆಮನೆಗೆ ಅಂಟಿಸುವ ಕೆಂಪು ಕಾಗದ.

ಕೊನೆಯ ಕೋಣೆಯಲ್ಲಿ ಒಂದೇ ಮನೆಯ ಹದಿನೈದು ಫೋಟೋಗಳಿದ್ದವು. ಸಿಚುವಾನಿನ ಒಬ್ಬ ಹೆಂಗಸು ತನ್ನ ಮನೆಯವರನ್ನೇ ಹದಿನೈದು ವರ್ಷ, ಹೊಸವರ್ಷದ ಊಟದ ದಿನ, ಅದೇ ಮೇಜಿನ ಸುತ್ತ ತೆಗೆದಿದ್ದಳು. ಮೊದಲ ವರ್ಷ ಹನ್ನೊಂದು ಜನ. ಮುಂದಿನ ವರ್ಷ ಒಬ್ಬ ಶಹರಿಗೆ ಹೋದ, ಅವನ ಸ್ಟೂಲು ಖಾಲಿ. ಆಮೇಲೆ ಇಬ್ಬರು, ಆಮೇಲೆ ನಾಲ್ವರು. ಕೊನೆಯ ಚಿತ್ರದಲ್ಲಿ ಅಜ್ಜಿಯೊಬ್ಬಳೇ. ಹನ್ನೊಂದು ಬಟ್ಟಲಿಗೂ ಅನ್ನ ಬಡಿಸಿದೆ.

"ಇದೇನು ಫೋಟೋನಾ?" ಎಂದರು ಬಶೀರ್. ಅವರಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. "ಮನೆ ಮರ್ಯಾದೆ ಗೋಡೆಗೆ ತಂದು ನೇತು ಹಾಕಿದಾಳೆ."

"ನಿಜ ಅಲ್ವಾ ಅಜ್ಜ? ಅವರು ಹೋದ್ರು. ಆಲ್ಲ... ಎಲ್ರೂ ಹೋದ್ರು." ಸಹರ್ ಮಾತಿನ ನಡುವೆ ಹೀಗೆ ‘ಆಲ್ಲ’ದಂಥ ಸ್ವೀಡಿಷ್ ಪದ ನುಸುಳಿದರೆ ತಾನೇ ತಿದ್ದಿಕೊಳ್ಳುತ್ತಿದ್ದಳು.

"ನಿಜ ಕನ್ನಡೀಲೂ ಕಾಣುತ್ತೆ. ಫೋಟೋದವನ ಹತ್ರ ಯಾಕೆ ಬರ್ತಾರೆ? ನಮ್ಮೂರಲ್ಲಿ ಗಂಡ ಸೌದಿಗೆ ಹೋಗಿರೋನು, ಹೆಂಡ್ತಿ ಮಗು ಎತ್ಕೊಂಡು ಬರೋಳು. ಅವನ ಪಾಸ್‌ಪೋರ್ಟ್ ಫೋಟೋ ದೊಡ್ಡದು ಮಾಡಿ, ಕತ್ತರಿಸಿ, ಇವಳ ಪಕ್ಕ ಅಂಟಿಸಿ, ಅಂಚಿಗೆ ಪೆನ್ಸಿಲ್ ಕೊಟ್ಟು, ಅದನ್ನ ಮತ್ತೆ ಫೋಟೋ ಹೊಡೀತಿದ್ದೆ. ಕಳೆದೋದವರನ್ನ ಕೂರಿಸಿ ಕೊಡೋದೇ ನಮ್ಮ ಕಸುಬು."

"ಅದು ಸುಳ್ಳು, ಅಜ್ಜ."

"ಅದು ಕರುಣೆ, ಮಗಳೇ."

ಮುಂದಿನ ವಾರವೇ ಸಹರ್ ಶಾಲೆಯ ದೊಡ್ಡ ಕ್ಯಾಮೆರಾ, ಮುಕ್ಕಾಲಿ ಸ್ಟ್ಯಾಂಡು ಹೊತ್ತು ತಂದಳು. ಶಾಲೆಯ ಕೆಲಸಕ್ಕೆ ಅವಳ ಕರಾರು: ಎಂಟು ಭಾನುವಾರ, ಮಧ್ಯಾಹ್ನ ಮೂರೂವರೆಗೆ, ಇದೇ ಮೇಜು, ಇದೇ ಐದು ಕುರ್ಚಿ. ಫ್ಲ್ಯಾಶ್ ಇಲ್ಲ. ನಗಬಾರದು. ಬಂದವರು ಕೂರಬೇಕು, ಬರದವರ ಕುರ್ಚಿ ತೆಗೆಯಬಾರದು. ಕ್ರಿಸ್‌ಮಸ್ ರಜೆಗೆ ಮುಂಚೆ ಎಂಟೂ ಚಿತ್ರಗಳು ಶಾಲೆಯ ಗೋಡೆಗೆ ಹೋಗುತ್ತವೆ.

"ಗೋಡೆಗಾ?" ಎಂದು ಬಶೀರ್ ಬೆಚ್ಚಿದರು. ಆದರೂ ಮೊಮ್ಮಗಳು ಕರೆದಾಗ ಬೆಳಕು ನೋಡಿಕೊಡದೆ ಇರಲು ಆಗಲಿಲ್ಲ.

ಮೊದಲ ಭಾನುವಾರ ಅಕ್ಟೋಬರ್ ಹದಿನಾರು. ಪಶ್ಚಿಮದ ಕಿಟಕಿಯಿಂದ ಹೊಂಬಿಸಿಲು ಮೇಜಿನ ಮೇಲೆ ಬಿದ್ದಿತ್ತು. ನಜ್ಮುನ್ನೀಸಾ ಸೆರಗು ಸರಿಮಾಡಿಕೊಂಡು ಕೂತರು. ಇಮ್ತಿಯಾಜನ ಎಡಗೆನ್ನೆಗೆ ಬೆಳಕು ಎಷ್ಟು ಚೆನ್ನಾಗಿ ಹಿಡಿದಿತ್ತೆಂದರೆ ಬಶೀರರು, "ಹಾಗೇ ಇರು ಮಗಾ, ಅಲ್ಲಾಡಬೇಡ," ಎಂದು ಹಳೆಯ ಗಿರಾಕಿಗೆ ಹೇಳುವ ಹಾಗೆ ಹೇಳಿದರು. ಸಹರ್ ತಾನೂ ಕೂತು, ಮೇಜಿನ ಕೆಳಗಿನಿಂದ, ಕ್ಯಾಮೆರಾಕ್ಕೆ ಜೋಡಿಸಿದ ಉದ್ದ ಕೊಳವೆಯ ರಬ್ಬರ್ ಬುಗ್ಗೆ ಒತ್ತಿದಳು. ಕ್ಷಣದಲ್ಲಿ ಮುಗಿಯಿತು.

ಎರಡನೆಯ ವಾರ ಗಂಡ ಹೆಂಡತಿ ಫೋಟೋಗೆ ಕೂರುವ ತನಕ ಅಡುಗೆಮನೆಯಲ್ಲಿ ಮಾತಿಗೆ ಮಾತು ಬೆಳೆಸಿದ್ದರು. ಮೂರನೆಯ ವಾರ ಮಾತೇ ಇರಲಿಲ್ಲ. ಅದರ ಮರುದಿನ ಇಮ್ತಿಯಾಜ್ ಹೊರಟ. ಬಾಗಿಲಲ್ಲಿ ಸಹರ್ ಕೇಳಿದಳು:

"ಪಪ್ಪಾ, ಎಂಟನೇ ಭಾನುವಾರ ಬರ್ತೀಯಾ? ಲಾಸ್ಟ್ ಪಿಕ್ಚರ್."

"ಡಿಸೆಂಬರ್ ನಾಲ್ಕು ತಾನೆ? ಬರ್ತೀನಿ ಪುಟ್ಟಾ. ಶನಿವಾರ ಬಂದು ಬಿಡ್ತೀನಿ. ಅಜ್ಜ ಅಜ್ಜೀನೂ ಕಳಿಸ್ಕೊಡ್ಬೇಕಲ್ಲ."

ಅವನು ಹೋದ ಸಂಜೆ ಪಾತ್ರೆ ತೊಳೆಯುತ್ತಿದ್ದ ಶೀಬಾಳ ಪಕ್ಕ ಬಶೀರರು ಒರೆಸುವ ಬಟ್ಟೆ ಹಿಡಿದು ನಿಂತರು.

"ಅಮ್ಮಾ ಶೀಬಾ, ಒಂದು ಮಾತು ಕೇಳ್ತೀನಿ. ಮನಸ್ಸಲ್ಲಿ ಏನು ಇಟ್ಕೊಂಡಿದ್ದೀಯಾ?"

ಶೀಬಾ ಕೈ ಒರೆಸಿಕೊಂಡು ಡ್ರಾಯರಿನಿಂದ ಎರಡು ಹಾಳೆಯ ಫಾರಂ ತೆಗೆದು ತೋರಿಸಿದಳು. "ಇದು ಡೈವೋರ್ಸ್‌ಗೆ ಕೋರ್ಟಿಗೆ ಕಳಿಸೋದು, ಮಾವ. ತುಂಬಿಸಿಟ್ಟಿದ್ದೀನಿ, ಸಹಿ ಹಾಕಿಲ್ಲ. ಅವರು ಆ ಭಾನುವಾರ ಬರ್ಲಿ. ಬಂದ್ರೆ ಕೂತು ಮಾತಾಡ್ತೀನಿ, ಬೇಕಿದ್ರೆ ನಾನೇ ಲಾಂಗ್ ಲೀವ್ ಹಾಕಿ ಅಲ್ಲಿಗೆ ಹೋಗ್ತೀನಿ. ಬರದಿದ್ರೆ ಇದನ್ನ ಪೋಸ್ಟ್ ಮಾಡ್ತೀನಿ."

"ಬರ್ತಾನಮ್ಮಾ."

"ಬರ್ಲಿ ಅಂತಾನೇ ನನಗೂ ಇರೋದು," ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

"ನಮ್ಮಲ್ಲಾದ್ರೆ ಜಮಾತಿನೋರು ಕೂತು ನಾಲ್ಕು ಮಾತು ಹೇಳ್ತಿದ್ರು," ಎಂದು ಆಮೇಲೆ ನಜ್ಮುನ್ನೀಸಾ ಅತ್ತರು. "ಇಲ್ಲಿ ಎರಡು ಹಾಳೆ ಸಾಕಾ?"

ನಾಲ್ಕು, ಐದು, ಆರು. ಮೂರು ಭಾನುವಾರ ಆ ಕುರ್ಚಿ ಖಾಲಿ ಕೂತಿತು. ಚಳಿಗಾಲಕ್ಕೆಂದು ಆ ದೇಶದವರೆಲ್ಲ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದ ಮೇಲೆ ಮೂರೂವರೆಯ ಬಿಸಿಲು ದಿನದಿನಕ್ಕೆ ಕುಗ್ಗುತ್ತ ಬಂತು. ಆರನೆಯ ವಾರ ಮೇಜಿನ ಮೇಲಿನ ದೀಪ ಹಾಕಬೇಕಾಯಿತು. ಇಮ್ತಿಯಾಜ್ ಬುಧವಾರಕ್ಕೊಮ್ಮೆ ವಿಡಿಯೋದಲ್ಲಿ ಬರುತ್ತಿದ್ದ. ಅವನ ಬೆನ್ನ ಹಿಂದಿನ ಗಾಜಿನಲ್ಲಿ ಎತ್ತರದ ಕ್ರೇನುಗಳು ಕಾಣುತ್ತಿದ್ದವು. ಮಗಳೊಡನೆ ಮಾತಾಡಿ, ಅಪ್ಪ ಅವ್ವನೊಡನೆ ಮಾತಾಡಿ, ಶೀಬಾ ಇದ್ದಾಳಾ ಎಂದು ಕೇಳುವಷ್ಟರಲ್ಲಿ ಅವನಿಗೆ ಮೀಟಿಂಗ್ ಬರುತ್ತಿತ್ತು. ಟಿಕೆಟ್ ಮಾತ್ರ ಆಗಿತ್ತು. ಅದನ್ನು ಸಹರ್‌ಗೆ ಕಳಿಸಿದ್ದ.

ಊರಿನವರು ಸುಮ್ಮನಿರಬೇಕಲ್ಲ. ಎರಡೂ ಕಡೆಯ ನೆಂಟರು ಸೇರಿದ ವಾಟ್ಸಾಪ್ ಗುಂಪಿಗೆ ನಜ್ಮುನ್ನೀಸಾ ದಿನಕ್ಕೆರಡು ಪಟ ಹಾಕುತ್ತಿದ್ದರು: ಟ್ರ್ಯಾಮು, ಬಾತುಕೋಳಿ, ತಾವು ತಟ್ಟಿದ ರೊಟ್ಟಿ. ಮೊದಲು ಹಿರಿಯೂರಿನಲ್ಲಿರುವ ಬಶೀರರ ಮಗಳು ಕೇಳಿದಳು, ಅಣ್ಣ ಯಾಕೆ ಯಾವ ಪಟದಲ್ಲೂ ಇಲ್ಲ. ಆಮೇಲೆ ಶೀಬಾಳ ತಾಯಿ ಕೇಳಿದರು. ಆಮೇಲೆ ಮಾಜಿದ್ ಬರೆದ: "ನಮ್ಮನೆ ಅಳಿಯಂದ್ರು ಎಲ್ಲಿ? ಮನೇಲಿ ಇದಾರೋ ಇಲ್ವೋ?" ಮಾಜಿದನ ಆ ಒಂದು ಸಾಲು ಬಶೀರರಿಗೆ ಮೂರು ದಿನ ಅನ್ನ ಸೇರದ ಹಾಗೆ ಮಾಡಿತು. ಇನ್ನೊಂದು ವಾರ ತಳ್ಳಿದರೆ ಮಗ ಬಂದೇ ಬರುತ್ತಾನೆ. ಅಷ್ಟರವರೆಗೆ ಇವರ ಬಾಯಿ ಮುಚ್ಚಿಸಿದರೆ ಸಾಕು ಎಂದು ಅವರು ಲೆಕ್ಕ ಹಾಕಿದರು.

ಏಳನೆಯ ಭಾನುವಾರದ ಚಿತ್ರವನ್ನು ಸಹರ್ ಮಂಗಳವಾರ ಅಚ್ಚು ಹಾಕಿ ತಂದಳು. ಬುಧವಾರ ಬೆಳಿಗ್ಗೆ ಎಲ್ಲರೂ ಹೊರಟ ಮೇಲೆ, ನಜ್ಮುನ್ನೀಸಾ ಕೆಳಗೆ ಬಟ್ಟೆ ಒಗೆಯಲು ಹೋದಾಗ, ಬಶೀರರು ಮೊಮ್ಮಗಳು ಚಿತ್ರಗಳನ್ನಿಡುವ ಪೆಟ್ಟಿಗೆ ತೆರೆದರು. ಮೊದಲ ಭಾನುವಾರದ ಚಿತ್ರದಿಂದ ಮಗನನ್ನು ಉಗುರಿನ ಕತ್ತರಿಯಲ್ಲಿ ಬಿಡಿಸಿದರು. ಕಿವಿಯ ಬಳಿ ಕತ್ತರಿಯ ಬದಲು ಕಾಗದವನ್ನೇ ತಿರುಗಿಸುತ್ತ ಹೋದರು, ಗೆರೆ ತಪ್ಪಲಿಲ್ಲ. ಕಾಗದದ ಹಿಂಬದಿಯನ್ನು ತೆಳುವಾಗಿ ಉಜ್ಜಿ, ಅಂಚನ್ನು ಇಳಿಸಿ, ಏಳನೆಯ ಚಿತ್ರದ ಖಾಲಿ ಕುರ್ಚಿಯ ಮೇಲೆ ಅಂಟಿಸಿದರು. ಭುಜದ ಸುತ್ತ ಮೆತ್ತನೆಯ ಪೆನ್ಸಿಲ್ ಕೊಟ್ಟರು. ಬೆರಳು ನೆಕ್ಕಿ ತೀಡಿದರು. ಹತ್ತು ವರ್ಷದಿಂದ ಮಾಡದ ಕೆಲಸ ಒಂದು ಗಂಟೆಯಲ್ಲಿ ಮುಗಿಯಿತು. ಮಗ ಬಂದು ಮೇಜಿಗೆ ಕೂತಿದ್ದ. ಬಶೀರರ ಕಣ್ಣಲ್ಲಿ ನೀರು ತುಂಬಿತು, ಸಂತೋಷಕ್ಕೆ. ಅದನ್ನು ಫೋನಿನಲ್ಲಿ ಹಿಡಿದು ಗುಂಪಿಗೆ ಹಾಕಿದರು: "ಅಲ್ಲಾಹನ ದಯೆ, ಈ ಭಾನುವಾರ ಎಲ್ಲರೂ ಊಟಕ್ಕೆ."

ನಲವತ್ತು ವರ್ಷ ಬೆಳಕು ನೋಡಿ ಬದುಕಿದವರು ಅಂದು ಮಗನ ಮುಖ ನೋಡುತ್ತ ಬೆಳಕು ನೋಡುವುದನ್ನು ಮರೆತರು. ಹಿರಿಯೂರಿನಲ್ಲಿ ಅಕ್ಟೋಬರಿನ ಮೂರೂವರೆಯೂ ನವೆಂಬರಿನ ಮೂರೂವರೆಯೂ ಒಂದೇ. ಇಲ್ಲಿ ನಾಲ್ವರು ಸಂಜೆಗತ್ತಲಲ್ಲಿ ದೀಪದ ಕೆಳಗೆ ಕೂತಿದ್ದರೆ, ಇಮ್ತಿಯಾಜನ ಎಡಗೆನ್ನೆಯ ಮೇಲೆ ಮಾತ್ರ ಬಿಸಿಲಿತ್ತು.

ತುಮಕೂರಿನಲ್ಲಿ ಶೀಬಾಳ ತಾಯಿಗೆ ಬಿಸಿಲು ಗಿಸಿಲು ಕಾಣಲಿಲ್ಲ. ಸಂತೋಷ ತಡೆಯಲಾರದೆ ಮಗಳು ಕೆಲಸದಿಂದ ಬಂದು ಷೂ ಬಿಚ್ಚುವ ಹೊತ್ತಿಗೇ ಫೋನ್ ಮಾಡಿದರು.

"ಯಾಕಮ್ಮಾ ಹೇಳ್ಲೇ ಇಲ್ಲ? ಪಟ ನೋಡಿ ಜೀವಕ್ಕೆ ತಂಪಾಯ್ತು. ಅಳಿಯಂದ್ರಿಗೆ ಕೊಡು ಫೋನು."

"ಯಾವ ಪಟ?"

ಶೀಬಾ ಗುಂಪು ತೆರೆದು ನೋಡಿದಳು. ತುಂಬ ಹೊತ್ತು ನೋಡಿದಳು. ಆಮೇಲೆ ತಾಯಿಗೆ ಎಲ್ಲವನ್ನೂ ಹೇಳಿದಳು, ಷೂ ಕಾಲಲ್ಲೇ ಇರುವಂತೆ, ಬಾಗಿಲ ಬಳಿ ನಿಂತೇ: ಅವನು ಇಲ್ಲಿಲ್ಲ, ಒಂದು ತಿಂಗಳಾಯಿತು ಚೀನಾಕ್ಕೆ ಹೋಗಿ, ಫಾರಂ ತುಂಬಿಸಿಟ್ಟಿದ್ದೇನೆ. ಫೋನಿಟ್ಟು ಒಳಗೆ ಬಂದಳು.

"ಮಾವ, ಈ ಫೋಟೋ ನಿಮಗೆ ಅವರೇ ಕಳಿಸಿದ್ರಾ?"

ಬಶೀರರು ಅನ್ನ ಕಲೆಸುತ್ತಿದ್ದರು. ಈಗ ಕಂಪ್ಯೂಟರಿನಲ್ಲಿ ಏನು ಬೇಕಾದರೂ ಮಾಡುವ ಕಾಲ. ಕತ್ತರಿ ಗೋಂದಿನ ಮಾತು ಅವಳಿಗೆ ಹೊಳೆಯಲೇ ಇಲ್ಲ. ಹೌದು ಎನ್ನಲಿಲ್ಲ ಅವರು, ಅಲ್ಲವೆನ್ನಲೂ ಇಲ್ಲ. ತಟ್ಟೆ ಎತ್ತಿಕೊಂಡು ತೊಳೆಯಲು ಎದ್ದರು.

"ಆಯ್ತು ಬಿಡಿ," ಎಂದಳು ಶೀಬಾ. "ಬರೋಕಾಗಲ್ಲ, ಅಪ್ಪನ ಕೈಲಿ ಫೋಟೋ ಹಾಕಿಸೋಕಾಗುತ್ತೆ."

ಅವಳು ಮಲಗುವ ಕೋಣೆಗೆ ಹೋಗಿ ಗಂಡನಿಗೆ ಫೋನ್ ಹಚ್ಚಿದಳು. ಬಾಗಿಲು ಮುಚ್ಚಿದ್ದರೂ ಎಲ್ಲ ಕೇಳಿಸಿತು. "ನಾಟಕ ಆಡ್ತೀಯಾ? ನಮ್ಮಮ್ಮ ಸಂತೋಷಕ್ಕೆ ಅಳ್ತಿದ್ರು, ಗೊತ್ತಾ ನಿನಗೆ?... ನೀನಲ್ದೆ ಇನ್ಯಾರು?... ಸುಳ್ಳು! ಬರೀ ಸುಳ್ಳು!" ಪಾತ್ರೆ ತೊಳೆಯುತ್ತಿದ್ದ ಬಶೀರ್ ನಲ್ಲಿ ಇನ್ನಷ್ಟು ಜೋರಾಗಿ ಬಿಟ್ಟರು. ಈಗ ಹೋಗಿ ನಾನೇ ಮಾಡಿದ್ದು ಎಂದರೆ ಮುಗಿಯುತ್ತಿತ್ತು. ನಾಲ್ಕು ಹೆಜ್ಜೆ ನಡೆಯಬೇಕಿತ್ತು ಅಷ್ಟೆ. ಅವರು ನಾಚಿಕೆಯಿಂದ ತೊಳೆದ ತಟ್ಟೆಯನ್ನೇ ಮತ್ತೆ ತೊಳೆದರು. ಬೆಳಿಗ್ಗೆ ಹೇಳಿದರಾಯಿತು ಎಂದುಕೊಂಡರು.

ಬೆಳಿಗ್ಗೆ ಹೇಳಲಿಲ್ಲ. ಗುರುವಾರವಿಡೀ ಮಾಜಿದ್ ತುಮಕೂರಿನಿಂದ ಚೆಂಗ್ಡುವಿಗೆ ಫೋನ್ ಮೇಲೆ ಫೋನ್ ಮಾಡಿ, ಕಳ್ಳ ಪಟ ಮಾಡಿಸಿ ನಮ್ಮ ಕಣ್ಣಿಗೆ ಮಣ್ಣೆರಚುತ್ತೀಯಾ, ಅಲ್ಲೊಂದು ಸಂಸಾರ ಇಟ್ಟಿದ್ದೀಯಾ ಎಂದು ಕೇಳಿದ. ಕೇಳಿದ್ದನ್ನು ಗುಂಪಿನಲ್ಲೂ ಬರೆದ. ಹಿರಿಯೂರಿನ ಮಗಳು ಅದಕ್ಕೆ ತಕ್ಕ ಉತ್ತರ ಬರೆದಳು. ಬೆಂಕಿಗೆ ತುಪ್ಪ ಸುರಿದಂತಾಯಿತು. ಎರಡೂ ಕಡೆಯಿಂದ ಹತ್ತು ಜನ ಗುಂಪು ಬಿಟ್ಟು ಹೋದರು.

ಶುಕ್ರವಾರ ಸಹರ್ ಶಾಲೆಯಿಂದ ಬೇಗ ಬಂದಳು. ಅಜ್ಜನ ಹಾಸಿಗೆಯ ಅಂಚಿನಲ್ಲಿ ಕೂತು ಮೊದಲ ಭಾನುವಾರದ ಚಿತ್ರವನ್ನು ಮುಂದೆ ಇಟ್ಟಳು. ಇಮ್ತಿಯಾಜ್ ಇದ್ದ ಜಾಗದಲ್ಲಿ ತೂತು.

"ಬಿಸಿಲು ನೋಡಿ ಗೊತ್ತಾಯ್ತು," ಎಂದಳು. "ನೀವೇ ಹೇಳ್ತೀರಾ, ನಾನು ಹೇಳ್ಲಾ?"

"ನಿನ್ನ ಚಿತ್ರ ಹಾಳು ಮಾಡ್ದೆ, ಮಗಳೇ."

"ನೆಗೆಟಿವ್ ಇದೆ. ಇನ್ನೊಂದು ಪ್ರಿಂಟ್ ಹಾಕ್ತೀನಿ. ಅದಲ್ಲ ಅಜ್ಜ ನಾನು ಕೇಳಿದ್ದು."

ಶೀಬಾ ಬಂದ ಕೂಡಲೇ ಬಶೀರರು ನಿಂತುಕೊಂಡೇ ಹೇಳಿದರು. ಕತ್ತರಿ, ಗೋಂದು, ಪೆನ್ಸಿಲ್, ಎಲ್ಲ. ಇಮ್ತಿಯಾಜನಿಗೆ ಏನೂ ಗೊತ್ತಿರಲಿಲ್ಲ ಎಂದರು. ನಜ್ಮುನ್ನೀಸಾ ಹಣೆ ಚಚ್ಚಿಕೊಂಡರು. "ಎರಡು ದಿನ ಬಾಯಲ್ಲಿ ಏನಿಟ್ಕೊಂಡಿದ್ರಿ? ಮಗನ ಮೇಲೆ ಕಲ್ಲು ಬೀಳ್ತಿದ್ರೆ ಪಾತ್ರೆ ತೊಳ್ಕೊಂಡು ನಿಂತಿದ್ರಲ್ಲ!"

ಶೀಬಾ ಬೈಯಲಿಲ್ಲ. ಬಣ್ಣ ಇಳಿದ ಮುಖದಲ್ಲಿ ಫೋನನ್ನು ಮೇಜಿನ ಮೇಲಿಟ್ಟು ಗಂಡನ ಹೆಸರು ಒತ್ತಿದಳು. ಅಲ್ಲಿ ಆಗಲೇ ರಾತ್ರಿ. ಅವನು ತಡವಾಗಿ ಎತ್ತಿದ.

"ಮಗಾ, ಆ ಪಟ ನಾನು ಮಾಡಿದ್ದು. ತಪ್ಪಾಯ್ತು. ನೀನು ನಾಳೆ ಬಾ."

"ಟಿಕೆಟ್ ನಿನ್ನೆ ಕ್ಯಾನ್ಸಲ್ ಮಾಡ್ದೆ, ಅಪ್ಪಾ."

"ಇನ್ನೊಂದು ತಗೋ."

"ಟಿಕೆಟ್ ವಿಷಯ ಅಲ್ಲ. ಮಾಜಿದ್ ಅಂದಿದ್ದು ಬಿಡಿ, ಅವನು ಹಾಗೇ. ನಾನಲ್ಲ ಮಾಡಿದ್ದು ಅಂತ ಇವಳಿಗೆ ಮೂರು ಸಲ ಹೇಳ್ದೆ. ಒಂದ್ಸಲಾನೂ ನಂಬಲಿಲ್ಲ."

"ನಂಬೋ ಹಾಗೆ ಯಾವತ್ತು ನಡ್ಕೊಂಡಿದ್ದೆ ನೀನು?" ಎಂದಳು ಶೀಬಾ. ಕೂಗಲಿಲ್ಲ, ಕೇಳಿದಳು.

"ಅದೇ. ಅದಕ್ಕೇ ನಿನ್ನೆ ಮೂರು ವರ್ಷದ ಕಾಂಟ್ರ್ಯಾಕ್ಟ್ ಸೈನ್ ಮಾಡ್ದೆ. ನಾನು ಹೋಗೋದು ಬರೋದು ಯಾರಿಗೂ ಏನೂ ಅನ್ಸಲ್ಲ ಅನ್ಸಿತು." ಆಮೇಲೆ ಮಗಳನ್ನು ಕರೆದ. "ಸಹರ್ ಇದಾಳಾ ಅಲ್ಲಿ? ಪುಟ್ಟಾ, ಸಾರಿ. ಇನ್ನೊಂದ್ಸಲ ಬರ್ತೀನಿ."

"ಹೇಡೋ, ಪಪ್ಪಾ," ಎಂದಳು ಸಹರ್. ಶಾಲೆಯ ಗೆಳತಿಯರನ್ನು ಬೀಳ್ಕೊಡುವಾಗ ಹೇಳುವ ಸ್ವೀಡಿಷ್ ಮಾತು ಅದು. ಕೂಡಲೇ ಫೋನ್ ಆರಿಸಿದಳು.

ಎಂಟನೆಯ ಭಾನುವಾರ ನಜ್ಮುನ್ನೀಸಾ ಬಿರಿಯಾನಿ ಮಾಡಿದರು. ಮಗನಿಗೆಂದು ಶುಕ್ರವಾರವೇ ತಂದಿಟ್ಟ ಕುರಿ ಮಾಂಸ, ಎಸೆಯಲಾಗುತ್ತದೆಯೇ. ಯಾರೂ ಎರಡನೆಯ ಸಲ ಹಾಕಿಸಿಕೊಳ್ಳಲಿಲ್ಲ. ಊಟ ಮುಗಿದ ಮೇಲೆ ಶೀಬಾ ಅದೇ ಮೇಜಿನ ಮೇಲೆ ಫಾರಂ ಬಿಡಿಸಿ ಸಹಿ ಹಾಕಿದಳು. ಬಶೀರರು ಆ ಪೆನ್ನನ್ನು ಹಿಡಿಯಬೇಕೆಂದು ಕೈ ಚಾಚಿದರು, ಅರ್ಧದಲ್ಲಿ ಹಿಂದಕ್ಕೆ ತೆಗೆದುಕೊಂಡರು. ಹಿಡಿಯಲು ಇನ್ನು ತಮಗೆ ಯಾವ ಮುಖವಿದೆ?

"ಅಮ್ಮಾ, ನಾನು ಮಾಡಿದ ತಪ್ಪಿಗೆ ಇದು ಬೇಡಮ್ಮಾ."

"ನಿಮ್ಮ ತಪ್ಪಿಗಲ್ಲ, ಮಾವ," ಎಂದಳು ಅವಳು, ಮೆತ್ತಗೆ. "ಆದ್ರೆ ಅವರು ಇವತ್ತು ಬಂದು ಕೂತಿದ್ರೆ ನಾನು ಮಾತಾಡ್ತಿದ್ದೆ. ಅದಂತೂ ನಿಜ."

ಅವಳು ಬೈದಿದ್ದರೆ ವಾಸಿಯಿತ್ತು.

ಮೂರೂವರೆಗೆ ಹೊರಗೆ ಬೆಳಕು ಸತ್ತಿತ್ತು. ಎದುರು ಕಟ್ಟಡದ ಕಿಟಕಿಕಿಟಕಿಯಲ್ಲೂ ಕ್ರಿಸ್‌ಮಸ್ಸಿನ ಕಾಗದದ ನಕ್ಷತ್ರ ಉರಿಯುತ್ತಿತ್ತು. ಸಹರ್ ಸ್ಟ್ಯಾಂಡ್ ನಿಲ್ಲಿಸಿದಳು. ತೆಗೆಯಲೇಬೇಕಾ ಎಂದು ಅಜ್ಜ ಕೇಳಿದ್ದಕ್ಕೆ, ಎಂಟು ಅಂತ ಹೇಳಿದ್ದೆ, ಎಂಟು ತೆಗೀತೀನಿ ಎಂದಳು.

"ದೀಪದ ಬೆಳಕು ಕಮ್ಮಿ. ಎಂಟು ಸೆಕೆಂಡ್ ಷಟರ್ ತೆರೆದಿರಬೇಕು. ಯಾರೂ ಅಲ್ಲಾಡಬೇಡಿ."

ನಾಲ್ವರು ಕೂತರು. ಐದನೆಯ ಕುರ್ಚಿ ಬಶೀರರ ಬಲಗಡೆಗೇ ಇತ್ತು. ಬುಗ್ಗೆ ಒತ್ತಿದ ಸದ್ದು ಕೇಳಿಸಿತು. ಒಂದು, ಎರಡು ಎಂದು ಅವರು ಮನಸ್ಸಿನಲ್ಲೇ ಎಣಿಸಿದರು. ಮೂರರ ತನಕ ಮುಖ ಬಿಗಿಹಿಡಿದರು. ಆಮೇಲೆ ಅವರಿಂದ ಆಗಲಿಲ್ಲ. ಮಗ ಇನ್ನು ಈ ಮೇಜಿಗೆ ಬರುವುದಿಲ್ಲ, ಬರುವವನನ್ನು ತಡೆದದ್ದು ತಾನು ಎಂಬ ಮಾತು ಎದೆಯಿಂದ ನೇರವಾಗಿ ಗದ್ದಕ್ಕೆ ಏರಿ, ತಲೆಯೆಲ್ಲ ಅಲುಗಿಹೋಯಿತು.

ಸೋಮವಾರ ಶೀಬಾ ಕೆಲಸಕ್ಕೆ ಹೋಗುತ್ತ ಲಕೋಟೆಯನ್ನು ಅಂಚೆಗೆ ಹಾಕಿದಳು. ಮಂಗಳವಾರ ಬೆಳಿಗ್ಗೆ ಮುದುಕರ ವಿಮಾನ. ನಜ್ಮುನ್ನೀಸಾ ಎರಡು ಸೂಟ್‌ಕೇಸುಗಳನ್ನು ಕಟ್ಟುತ್ತ, ಮಗನಿಗೆ ಹೆಣೆದ ಸ್ವೆಟರನ್ನು ಇಲ್ಲೇ ಬಿಡಬೇಕೋ ಒಯ್ಯಬೇಕೋ ತಿಳಿಯದೆ ಮಡಿಲಲ್ಲಿ ಇಟ್ಟುಕೊಂಡು ಕೂತುಬಿಟ್ಟಿದ್ದರು.

ಸಂಜೆ ಸಹರ್ ಶಾಲೆಯಿಂದ ಚಿತ್ರ ತಂದಳು. ಇನ್ನೂ ಅಂಚು ಸುರುಟಿಕೊಂಡಿದ್ದ ಕಾಗದವನ್ನು ಬಶೀರರು ದೀಪದ ಕೆಳಗೆ ಹಿಡಿದರು. ಕೆಲಸ ಚೆನ್ನಾಗಿತ್ತು. ನಜ್ಮುನ್ನೀಸಾಳ ಸೆರಗಿನ ನೂಲು ಎಣಿಸಬಹುದಿತ್ತು. ಶೀಬಾಳ ಮುಖ, ಸಹರ್‌ಳ ಮುಖ ಸ್ಪಷ್ಟವಾಗಿದ್ದವು. ಖಾಲಿ ಕುರ್ಚಿಯ ಮರದ ಗೆರೆಗಳೂ ಒಂದೊಂದಾಗಿ ಮೂಡಿದ್ದವು. ಅದರ ಪಕ್ಕದ ಕುರ್ಚಿಯಲ್ಲಿ ಒಂದು ಅಂಗಿ, ಒಂದು ಕಾಲರು, ಕಾಲರಿನ ಮೇಲೆ ಬೂದುಬಣ್ಣದ ಮಬ್ಬು.

"ಅಲ್ಲಾಡಿಬಿಟ್ರಿ, ಅಜ್ಜ."

"ಹೂಂ. ಇದನ್ನೇ ಹಾಕ್ತೀಯಾ ಗೋಡೆಗೆ?"

"ಇದನ್ನೇ."

"ಸ್ವಲ್ಪ ಪೆನ್ಸಿಲ್ ಕೊಟ್ರೆ..." ಎಂದವರು ಅಲ್ಲಿಗೇ ನಿಲ್ಲಿಸಿದರು. ಅವರು ಚಿತ್ರವನ್ನು ಇನ್ನೂ ಹತ್ತಿರ ಹಿಡಿದು ನೋಡಿದರು.

"ಇದು ಯಾರು ಅಂತ ಗೊತ್ತಾಗಲ್ಲ, ಮಗಳೇ."

"ಇಲ್ಲ, ಗೊತ್ತಾಗಲ್ಲ," ಎಂದು ಅವಳೂ ಒಪ್ಪಿದಳು. ನೋಯಿಸಬೇಕೆಂದು ಹೇಳಿದ್ದಲ್ಲ ಅದು. ಚಿತ್ರವನ್ನು ಅವರ ಕೈಯಿಂದ ಹುಷಾರಾಗಿ ಬಿಡಿಸಿಕೊಂಡು ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯನ್ನು ತನ್ನ ಕೋಣೆಗೆ ಒಯ್ದು ಬಾಗಿಲು ಹಾಕಿಕೊಂಡಳು.